ಅರ್ಧ ರಸ್ತೆಯ ಕಾಶಕ್ಕ

ನೀರು ಬಿಡುವ ದಿನ ಕಾಶಕ್ಕ ರಸ್ತೆ ತೊಳೆಯುತ್ತಿದ್ದಳು. ಪೂರ್ತಿ ರಸ್ತೆ ಅಲ್ಲ, ಅರ್ಧ. ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನಳಕ್ಕೆ ಪೈಪು ಹಚ್ಚಿ, ತನ್ನ ಬಾಗಿಲಿನಿಂದ ನಡುರಸ್ತೆಯ ಗಡಿಕಲ್ಲಿನವರೆಗೆ ಬರುವಳು. ಅಲ್ಲಿ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಹಿಂದಕ್ಕೆ ತಿರುಗುವಳು. ಕಲ್ಲಿನ ಆಚೆ ಒದ್ದೆ ನೆಲ, ಈಚೆ ಒಣ ಧೂಳು. ಈಚೆ ನಮ್ಮ ಮನೆ.

ಅಥಣಿ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ನಮ್ಮ ಬೀದಿಯನ್ನು ನಗರದ ಗಡಿ, ನಮ್ಮವರು ಹೇಳುವ ಹದ್ದು, ಉದ್ದಕ್ಕೆ ಸೀಳಿತ್ತು. ಎದುರಿನ ಸಾಲು ನಗರ ಪಾಲಿಕೆಗೆ, ನಮ್ಮ ಸಾಲು ಗ್ರಾಮ ಪಂಚಾಯತಿಗೆ. ನಳ, ಬೀದಿದೀಪ, ಕಸದ ಗಾಡಿ ಎಲ್ಲ ಅವರಿಗೆ. ನಮಗೆ ಟ್ಯಾಂಕರ್, ಅದೂ ಬಂದರೆ. ಕಸದ ಗಾಡಿ ಹಾಡು ಹಾಕಿಕೊಂಡು ನನ್ನ ಬಾಗಿಲ ಮುಂದೆಯೇ ಹೋಗುತ್ತಿತ್ತು. ಬಕೆಟ್ ಹಿಡಿದು ನಿಂತರೂ ನನ್ನ ಕಡೆ ನೋಡುತ್ತಿರಲಿಲ್ಲ.

ಕಾಶಕ್ಕ ಹುಟ್ಟಿದ್ದು ಟಿಕೋಟಾದಲ್ಲಿ. ಮಾತು ಮಾತ್ರ ಗೋಳಗುಮ್ಮಟವನ್ನು ತನ್ನ ಅಜ್ಜನೇ ಕಟ್ಟಿಸಿದ ಹಾಗೆ.

"ಸುಮಿ, ನಮ್ಮ ಲೈಟಿನ ಬೆಳಕ ನಿಮ್ಮ ಕಟ್ಟೀಗೂ ಬೀಳತೈತಿ ನೋಡ. ಇರ್ಲಿ ಬಿಡ, ಅದಕ್ಕ ಟ್ಯಾಕ್ಸ್ ಕೇಳಂಗಿಲ್ಲ ನಾ."

ಅವಳು ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನೀರು ಬಿಟ್ಟಾಗಲೆಲ್ಲ ಕುಡಿಯಲು ಎರಡು ಕೊಡ ತುಂಬಿಸಿ ಕೊಡುತ್ತಿದ್ದಳು. "ಒಯ್ಯಿ ಬೇ, ಪಂಚಾಯತಿ ಮಂದಿಗೂ ನೀರಡಿಕಿ ಆಗತೈತಿ." ಆ ಕೊಡ ಹೊತ್ತು ಕಲ್ಲು ದಾಟುವಾಗ ಹೊಟ್ಟೆಯಲ್ಲಿ ಏನೋ ಉರಿಯುತ್ತಿತ್ತು. ನೀರು ಮಾತ್ರ ತಣ್ಣಗೆ, ಸಿಹಿಯಾಗಿ ಇರುತ್ತಿತ್ತು.

ನಮ್ಮ ಸಾಲನ್ನೂ ನಗರಕ್ಕೆ ಸೇರಿಸುವ ಪ್ರಸ್ತಾಪ ಬಂದಾಗ, ಜನರ ತಕರಾರು ಕೇಳಲು ಅಧಿಕಾರಿಗಳು ಊರಿನ ಶಾಲೆಗೆ ಬಂದರು. ಮನೆಪಟ್ಟಿಯ ತೆರಿಗೆ ಏರುತ್ತದೆ, ಉದ್ಯೋಗ ಖಾತ್ರಿ ಕೆಲಸ ಹೋಗುತ್ತದೆ ಎಂದು ಹಲವರು ಬೇಡವೆಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನನಗೆ ಮಾತ್ರ ನಳ ಬೇಕಿತ್ತು. ಹೇಳುವುದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಹೋಗಿದ್ದೆ. ಎದ್ದು ನಿಂತವಳು "ನಳ ಬೇಕ್ರಿ" ಎಂದಷ್ಟೇ ಹೇಳಿ ಕುಳಿತೆ.

ಹಿಂದಿನಿಂದ ಕಾಶಕ್ಕ ಎದ್ದಳು. "ನಾ ಆ ಕಡಿ ಸಾಲಿನಾಕಿರಿ, ಸಿಟಿಯಾಕಿ."

"ನಿಮ್ದು ಇಲ್ಲಿ ತಕರಾರು ಬರೂದಿಲ್ರಿ ಅವ್ವಾರ," ಎಂದರು ಅಧಿಕಾರಿ.

"ತಕರಾರಲ್ರೀ ಸಾಹೇಬರ, ಹಕೀಕತ್ತ. ನಮ್ಮ ಬಚ್ಚಲ ನೀರ ಎಲ್ಲಿ ಹೋಗತೈತಿ? ಈ ಸುಮೀ ಬಾಗಲಕ್ಕ! ನಿಮ್ಮ ಗಟಾರ ಹದ್ದಿಗೆ ಬಂದ ನಿಂತೈತಿ, ಹೊಲಸ ನಿಂತಿಲ್ಲ. ಕುಡಿಯೂ ನೀರಿಗೆ ಹದ್ದ ಐತಿ, ಹೊಲಸ ನೀರಿಗೆ ಇಲ್ಲೇನ್ರಿ?"

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಬೇಡ ಎಂದವರೂ ತಟ್ಟಿದರು. ಹೊಲಸು ನನ್ನ ಬಾಗಿಲಿನದು, ಚಪ್ಪಾಳೆ ಅವಳಿಗೆ. ಮನೆಯ ದಾರಿಯಲ್ಲಿ ನಾನು ಮುಖ ತಿರುಗಿಸಿಕೊಂಡೇ ನಡೆದೆ.

"ಯಾಕ ಬೇ, ಮಾರಿ ಹಂಗ್ಯಾಕ? ನೀ ಸಿಟಿಯಾಕಿ ಆದಿ ಅಂದ್ರ ನಾ ಯಾರ ಮುಂದ ಗತ್ತ ಮಾಡ್ಲಿ, ಹೇಳ?" ಎಂದು ಅವಳೇ ನಕ್ಕಳು.

ಆದೇಶ ಹೊರಬಿದ್ದ ಸುದ್ದಿ ತಂದವಳೂ ಅವಳೇ. ಆ ಬೆಳಿಗ್ಗೆ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಕಂಡವಳು ನಾನೊಬ್ಬಳೇ. ನೀರು ಬಿಟ್ಟಿದ್ದರು. ಕಾಶಕ್ಕನಿಗೆ ಮಗನ ಫೋನು ಬಂದಿತಂತೆ, ಪೈಪನ್ನು ನೆಲಕ್ಕೆ ಬಿಟ್ಟು, ಕಲ್ಲು ದಾಟಿ ನಮ್ಮ ಕಟ್ಟೆಗೆ ಬಂದು ಕುಳಿತಳು. ಏದುಸಿರು ಬಿಡುತ್ತಿದ್ದಳು.

"ಆತ ನೋಡ ಸುಮಿ. ಬರೂ ತಿಂಗಳದಿಂದ ನೀನೂ ಸಿಟಿಯಾಕಿ. ಇನ್ನ ನನ್ನ ಕೊಡದ ಹಂಗಿಲ್ಲ ನಿನಗ."

ಚಹಾ ಮಾಡಲು ಎದ್ದೆ. "ಸಕ್ರಿ ಜಾಸ್ತಿ ಹಾಕ ಬೇ, ಇವತ್ತ," ಎಂದಳು. ನಾನು ಹೊಸ್ತಿಲು ದಾಟಿರಲಿಲ್ಲ. ಅವಳ ತಲೆ ಕಟ್ಟೆಯ ಕಂಬಕ್ಕೆ ತಾಗಿದ ಸಪ್ಪಳ ಕೇಳಿತು. ಓಡಿಬಂದು ಕೈ ಹಿಡಿದೆ. ಕೈ ಇನ್ನೂ ಒದ್ದೆಯಿತ್ತು. ಒಂದು ಉಸಿರು ಎಳೆದಳು, ಮತ್ತೆ ಎಳೆಯಲಿಲ್ಲ. ಪೈಪಿನ ನೀರು ಕಲ್ಲನ್ನು ಬಳಸಿ ನಮ್ಮ ಕಡೆಗೆ ಹರಿದು ಬರುತ್ತಿತ್ತು. ಆಂಬುಲೆನ್ಸಿನವರು ಬಂದು, ಕಟ್ಟೆಯ ಮೇಲೆಯೇ ನಾಡಿ ನೋಡಿ, ತಲೆ ಅಲ್ಲಾಡಿಸಿದರು.

ಮಣ್ಣಾದ ಮೇಲೆ ಅವಳ ಮಗ ಬಸು ಬಂದು ತಲೆ ತಗ್ಗಿಸಿ ಕುಳಿತ.

"ಚಿಗವ್ವಾ, ಜೀವ ಎಲ್ಲಿ ಹೋತು ಅಂತ ಕೇಳಾಕತ್ತಾರ. ಸತ್ತ ಜಾಗಾ ಯಾರ ಹದ್ದಿನ್ಯಾಗ ಬರತೈತೋ ಅವರ ಮರಣ ಪತ್ರ ಕೊಡೂದಂತ. ಅವ್ವ ಜಲಮಪೂರ್ತಿ ಸಿಟಿ ಸಿಟಿ ಅಂದಾಕಿ. ನಮ್ಮ ಮನ್ಯಾಗ ಅಂತ ಹೇಳಿಬಿಡ ನೀ."

ಕೈಯಲ್ಲಿ ಅವಳ ಕೈಯ ಒದ್ದೆ ಇನ್ನೂ ಇದ್ದಂತೆ ಅನಿಸುತ್ತಿತ್ತು. ನಳ, ದೀಪ, ಗಾಡಿ, ಕೊನೆಗೆ ಆ ಚಪ್ಪಾಳೆ, ಎಲ್ಲವೂ ಆಚೆಗೇ ಹೋಗಿದ್ದವು. ಅವಳ ಕಡೆಯ ಉಸಿರೊಂದೇ ಈಚೆಗೆ ಬಂದಿತ್ತು. ಅದನ್ನೂ ಆ ಸಾಲಿಗೆ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

"ನಮ್ಮ ಕಟ್ಟಿ ಮ್ಯಾಲ ಹೋಗ್ಯಾಳಪ್ಪ," ಎಂದೆ. "ನಾ ಕಂಡದ್ದ ಹೇಳ್ತೀನಿ."

ಬಸು ನನ್ನ ಮುಖ ನೋಡಿದ. ಎದ್ದು ಹೋದ. ಸಿಟಿಯಾಕಿ ಕಾಶಕ್ಕನ ಮರಣ ಪತ್ರವನ್ನು ನಮ್ಮ ಪಂಚಾಯತಿ ಕೊಟ್ಟಿತು.

ಈಗ ನಮಗೂ ನಳ ಬಂದಿದೆ. ಗಡಿಕಲ್ಲನ್ನು ಯಾರೋ ಕಿತ್ತು ಒಯ್ದಿದ್ದಾರೆ. ಬಸುವಿನ ಹೆಂಡತಿಗೆ ರಸ್ತೆ ತೊಳೆಯುವ ರೂಢಿಯಿಲ್ಲ. ನೀರು ಬಿಡುವ ದಿನ ನಾನು ಪೈಪು ಹಚ್ಚಿ ಬಾಗಿಲಿನಿಂದ ಶುರು ಮಾಡುತ್ತೇನೆ. ಕಲ್ಲಿದ್ದ ಜಾಗ ಕಾಲಿಗೆ ಗೊತ್ತು. ಅಲ್ಲಿ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ನಿಲ್ಲುತ್ತೇನೆ. ಈಚೆ ಒದ್ದೆ ನೆಲ, ಆಚೆ ಒಣ ಧೂಳು. ಆ ಅರ್ಧ ಅವಳದು. ನಾನು ಮುಟ್ಟುವುದಿಲ್ಲ.