ಟೇಪಿನಲ್ಲಿ ಇಲ್ಲದ ಉತ್ತರ

ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿದ್ದ ವರ್ಷಗಳಲ್ಲಿ, ಸೋಮವಾರದಿಂದ ಶುಕ್ರವಾರದವರೆಗೆ ನನ್ನ ಕಿವಿಗೆ ಬೀಳುತ್ತಿದ್ದ ಕನ್ನಡವೆಲ್ಲ ಜರ್ಮನಿಯಿಂದ ಬರುತ್ತಿತ್ತು. ಹೀಗೆಂದರೆ ಜನ ನಗುತ್ತಾರೆ. ನಗಲಿ.

ಮದುವೆಗೆ ಮೊದಲು ಆರು ವರ್ಷ ನಾನು ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಕನ್ನಡ ಕಲಿಸುತ್ತಿದ್ದೆ. ಕ್ಲಾಸಿನಲ್ಲಿ ನಾಲ್ಕು ಜನ, ಹೆಚ್ಚೆಂದರೆ ಐದು. ಮದುವೆಯಾಗಿ ಟೆಕ್ಸಸ್‌ಗೆ ಬಂದ ಮೇಲೆ ಆ ವಿಶ್ವವಿದ್ಯಾಲಯದವರೇ ಕರೆದು ಇನ್ನೊಂದು ಕೆಲಸ ಕೊಟ್ಟರು. ಅಲ್ಲಿನ ಸಂಶೋಧಕರು ಕರ್ನಾಟಕಕ್ಕೆ ಹೋಗಿ ಜನರ ಮಾತನ್ನು ರೆಕಾರ್ಡ್ ಮಾಡಿಕೊಂಡು ಬರುತ್ತಾರೆ. ನಾನು ಅದನ್ನು ಕೇಳಿ, ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡಿ ಕಳಿಸಬೇಕು. ಬರುತ್ತಿದ್ದದ್ದು ಆಡಿಯೋ ಫೈಲುಗಳು, ಆದರೆ ನಾನು ಅವನ್ನು ಟೇಪು ಅಂತಲೇ ಕರೆಯುತ್ತಿದ್ದೆ.

ಆ ವಿಶ್ವವಿದ್ಯಾಲಯಕ್ಕೆ ನಮ್ಮ ಜನರ ಬಗ್ಗೆ ಏನೆಲ್ಲ ಕುತೂಹಲ! ಕೃಷಿ ವಿಭಾಗದವಳಿಗೆ ಹಳೆಯ ರಾಗಿ ತಳಿಗಳ ಹೆಸರು ಬೇಕು. ಕಾನೂನು ವಿಭಾಗದವನಿಗೆ, ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಳ್ಳುವಾಗ ಅಕ್ಕತಂಗಿಯರು ಯಾಕೆ ಬಾಯಿ ಬಿಡುವುದಿಲ್ಲ ಅನ್ನುವುದು ಬೇಕು. ವೈದ್ಯ ವಿಭಾಗದವರು ಕಣ್ಣಿನ ಪೊರೆ ತೆಗೆಸಿಕೊಂಡ ಮುದುಕರನ್ನು ಕೂರಿಸಿಕೊಂಡು, ಪಟ್ಟಿ ಬಿಚ್ಚಿದಾಗ ಮೊದಲು ಏನು ಕಂಡಿತು ಅಂತ ಕೇಳುತ್ತಿದ್ದರು. 'ನನ್ನ ಹೆಂಡ್ತಿ ಇಷ್ಟು ಮುದುಕಿ ಆಗೌಳೆ ಅಂತ ಗೊತ್ತೇ ಇರ್ಲಿಲ್ಲ' ಅಂದಿದ್ದ ಒಬ್ಬ. ಭೂಗೋಳದವನೊಬ್ಬ ಬಾವಿ ತೋಡುವವರ ಹಿಂದೆ ಬಿದ್ದಿದ್ದ. ಒಬ್ಬ ಎಂಜಿನಿಯರ್‌ಗೆ ಕೈಮಗ್ಗದ ಸದ್ದು ಮಾತ್ರ ಬೇಕಿತ್ತು. ನಡುವೆ ನೇಕಾರರು ಮಾತಾಡಿದರೆ ಅವನಿಗೆ ಬೇಜಾರು, ನನಗೆ ಖುಷಿ. ಹಳ್ಳಿಯವರು ಇವರನ್ನೆಲ್ಲ ಬ್ಯಾಂಕಿನವರು ಅಂದುಕೊಂಡು ಮೊದಲ ಹತ್ತು ನಿಮಿಷ ಸಾಲದ ಮಾತೇ ಆಡುತ್ತಿದ್ದರು.

ಕೆಲಸದ ನಿಯಮ ಬಲು ಕಟ್ಟುನಿಟ್ಟು. ಕೆಮ್ಮಿದರೆ ಕೆಮ್ಮು ಅಂತ ಬರೆಯಬೇಕು. 'ಹೂಂ' ಅಂದರೆ 'ಹೂಂ'. ಯಾರೂ ಮಾತಾಡದಿದ್ದರೆ ಎಷ್ಟು ಸೆಕೆಂಡು ಮೌನ ಅಂತ ಅಳೆದು ಬರೆಯಬೇಕು. ಕಾಲಿನ ಕೆಳಗೊಂದು ಪೆಡಲ್ ಇರುತ್ತಿತ್ತು. ಒತ್ತಿದರೆ ಟೇಪು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬೆಳಗ್ಗೆ ಒಂಬತ್ತಕ್ಕೆ ಹೆಡ್‌ಫೋನ್ ಹಾಕಿಕೊಂಡರೆ ಸಂಜೆ ನಾಲ್ಕರವರೆಗೆ ನಾನು ಯಾವುದೋ ಜಗಲಿಯ ಮೇಲೆ ಕೂತಿರುತ್ತಿದ್ದೆ.

ಹೆಡ್‌ಫೋನ್ ತೆಗೆದರೆ ಏನಿತ್ತು? ನನ್ನವರು ನಾಗಪುರದವರು, ಮನೆಯಲ್ಲಿ ಹಿಂದಿ. ಒಳ್ಳೆಯವರೇ. ಆದರೆ ಅವರ ಪ್ರಾಜೆಕ್ಟು ಡಲ್ಲಾಸ್ ಕಡೆಗೆ ಶಿಫ್ಟ್ ಆಗಿ, ವಾರದಲ್ಲಿ ಐದು ದಿನ ಮೆಕಿನ್ನಿಯಲ್ಲಿ ರೂಮು ಮಾಡಿಕೊಂಡಿದ್ದರು. ದಿನಸಿಗೆ ಹ್ಯೂಸ್ಟನ್ನಿನ ಇಂಡಿಯನ್ ಅಂಗಡಿಗಳ ಬೀದಿ, ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್‌ಗೆ ಡ್ರೈವ್ ಮಾಡಿಕೊಂಡು ಹೋದರೆ ಅಲ್ಲೂ ಹಿಂದಿ. ಕನ್ನಡ ಸಂಘದ ಯುಗಾದಿಗೆ ಎರಡು ವರ್ಷ ಹೋದೆ. ಪಕ್ಕದ ಆಂಟಿ 'ಯಾವೂರ್ರೀ ನಿಮ್ದು?' ಅಂತ ಕೇಳಿ, ನಾನು ಚಳ್ಳಕೆರೆ ಅನ್ನುವಷ್ಟರಲ್ಲಿ ಮಗನಿಗೆ ಇಂಗ್ಲಿಷಿನಲ್ಲಿ ಬೈಯಲು ಎದ್ದು ಹೋಗಿದ್ದರು. ದಿನಾ ಬೆಳಗ್ಗೆ ಫೋನಿನಲ್ಲಿ ಕನ್ನಡ ಆಡುತ್ತಿದ್ದದ್ದು ಅಮ್ಮನೊಬ್ಬಳ ಜೊತೆ. ನಾನು ಅಲ್ಲಿಗೆ ಬಂದ ಮೊದಲ ವರ್ಷವೇ ಅವಳು ತೀರಿಕೊಂಡು ಅದೂ ನಿಂತಿತು. ನನಗೆ ತುಂಬ ಬೇಸರವಾಗುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಆ ಟೇಪುಗಳು ಕೈತಪ್ಪಿದರೆ ನಾನು ಏನಾಗುತ್ತೇನೋ ಅನ್ನುವ ಭಯವೂ ಇತ್ತು.

ಅಂಥ ಕೆಲಸದಲ್ಲೇ ನಾನು ತಪ್ಪು ಮಾಡಿದೆ.

ರಾಗಿಯ ಟೇಪದು. ಕೃಷಿ ವಿಭಾಗದ ಆ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ, ಜೊತೆಗೆ ಒಬ್ಬ ದುಭಾಷಿ ಇರುತ್ತಿದ್ದ. ಒಂದು ಮನೆಯಲ್ಲಿ ಅವನು ಫೋನ್ ಬಂತೆಂದು ಹೊರಗೆ ಹೋದ. ರೆಕಾರ್ಡರ್ ಓಡುತ್ತಲೇ ಇತ್ತು. ಒಳಗೆ ಉಳಿದವರು ಜರ್ಮನಿಯ ಹುಡುಗಿ ಮತ್ತು ರಾಗಿ ಮುದ್ದೆಯಷ್ಟೇ ಗಟ್ಟಿ ದನಿಯ ಒಬ್ಬ ಅಜ್ಜಿ. ಅಜ್ಜಿ ಕೇಳಿದಳು: 'ಒಬ್ಳೇ ಬಂದೀಯೇನವ್ವಾ, ಅಷ್ಟು ದೂರ್ದಿಂದ?'

ಹುಡುಗಿಗೆ ಅರ್ಥವಾಗಲಿಲ್ಲ, ಸುಮ್ಮನಿದ್ದಳು. ಕ್ಲಿಯರ್ ಲೇಕ್‌ನಲ್ಲಿ ಕೂತಿದ್ದ ನಾನು 'ಹೂನವ್ವಾ, ಒಬ್ಳೇ' ಅಂದೆ. ಅಂದಿದ್ದನ್ನು ಟೈಪೂ ಮಾಡಿದೆ. ಕೈಗೆ ಬರುವುದು ಕಿವಿಯಿಂದಲೋ ಬಾಯಿಂದಲೋ ಅನ್ನುವ ಪರಿವೆ ಆಗ ಇರಲಿಲ್ಲ.

ಮೊದಲ ಸಲ ಗೊತ್ತಿಲ್ಲದೆ ಆಯಿತು, ನಿಜ. ಆಮೇಲಿನವು ಗೊತ್ತಿದ್ದೂ ಮಾಡಿದವು. ಬಾವಿ ತೋಡುವವನು 'ಬಿಸ್ಲು ಜಾಸ್ತಿ, ನೆಳ್ಳಿಗೆ ಬನ್ನಿ' ಅಂದಾಗ ಭೂಗೋಳದವನು ಸುಮ್ಮನಿದ್ದ. ನಾನು 'ಪರ್ವಾಗಿಲ್ಲ ಅಣ್ಣ' ಅಂದೆ. ಪೊರೆ ತೆಗೆಸಿಕೊಂಡ ಅಜ್ಜಿಯೊಬ್ಬಳು 'ಕಾಣುಸ್ತೈತೆ, ಆದ್ರೆ ನೋಡಾಕೆ ಯಾರವ್ರೆ?' ಅಂದಾಗ ನನಗೆ ಅಳು ಬಂತು. 'ಹಂಗನ್ಬೇಡವ್ವಾ' ಅಂತ ಬರೆದೆ. ಅವರಿಗೆ ಬೇಕಾದದ್ದು ರಾಗಿ, ನೀರು, ಕಣ್ಣು. ಇಂಥ ಪುಟಗಳನ್ನು ಯಾರು ಓದುತ್ತಾರೆ ಅಂದುಕೊಂಡೆ.

ಓದುವವಳೊಬ್ಬಳು ಇದ್ದಳು. ಯಾವ ವಿಭಾಗದ ಟೇಪಾದರೂ, ಅದರ ಬರಹವಾದರೂ ಒಂದೇ ಭಂಡಾರಕ್ಕೆ ಸೇರಿ ಎಲ್ಲ ವಿಭಾಗಗಳಿಗೂ ಸಿಗಬೇಕು ಅನ್ನುವುದು ಅಲ್ಲಿನ ಪದ್ಧತಿ. ಭಾಷಾವಿಜ್ಞಾನದವಳೊಬ್ಬಳು ಅಲ್ಲಿಂದ ನನ್ನ ಬರಹಗಳನ್ನೆಲ್ಲ ತೆಗೆಸಿಕೊಂಡಿದ್ದಳು. ಅವಳ ಸಂಶೋಧನೆಯೇ ಮೌನ: ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವ ಮೊದಲು ಕನ್ನಡಿಗರು ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಇದಕ್ಕೂ ಒಂದು ಡಾಕ್ಟರೇಟ್! ಹಾಗಂತ ನಗುವಂತೆಯೂ ಇರಲಿಲ್ಲ, ಯಾಕೆಂದರೆ ಅವಳಿಗೆ ಅ ಆ ಇ ಈ ತಿದ್ದಿಸಿದವಳು ನಾನೇ.

ಅವಳ ಮೇಲ್ ಬಂತು. ರಾಗಿಯ ಟೇಪಿನಲ್ಲಿ ಅಜ್ಜಿಯ ಒಂದು ಪ್ರಶ್ನೆಯ ಮೇಲೆ ನಾಲ್ಕು ಸೆಕೆಂಡು ಯಾರೂ ಮಾತಾಡಿಲ್ಲ, ನಿಮ್ಮ ಬರಹದಲ್ಲಿ ಉತ್ತರವಿದೆ, ಉತ್ತರ ಕೊಟ್ಟವರು ಯಾರು? ಮುಂದಿನ ವಾರ ಆಸ್ಟಿನ್‌ಗೆ ಒಂದು ಸಮ್ಮೇಳನಕ್ಕೆ ಬರುತ್ತಿದ್ದೇನೆ, ಭೇಟಿಯಾಗೋಣವೇ? ಅಷ್ಟೇ ಇದ್ದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆ ವಾರವೆಲ್ಲ ಹಳೆಯ ಬರಹಗಳನ್ನು ತೆಗೆದು ಟೇಪಿನ ಜೊತೆ ಹೋಲಿಸಿದೆ. ಇಪ್ಪತ್ತಮೂರು ಕಡೆ ನಾನಿದ್ದೆ. ಪಟ್ಟಿ ಮಾಡಿ ಪ್ರಿಂಟ್ ತೆಗೆದುಕೊಂಡೆ. ಶನಿವಾರ ನನ್ನವರು ಬಂದಾಗ 'ಏನಾಗಿದೆ ನಿನಗೆ?' ಅಂತ ಹಿಂದಿಯಲ್ಲಿ ಕೇಳಿದರು. ಹೇಳಲು ಹೊರಟೆ. 'ಹೂನವ್ವಾ' ಅನ್ನುವುದನ್ನು ಹಿಂದಿಯಲ್ಲಿ ಹೇಗೆ ಹೇಳುವುದೋ ತಿಳಿಯದೆ ತಲೆನೋವು ಅಂದೆ.

ಆಸ್ಟಿನ್‌ಗೆ ಮೂರು ಗಂಟೆ ಡ್ರೈವು. ಕೆಲಸ ಹೋಯಿತು ಅಂತಲೇ ತೀರ್ಮಾನಿಸಿಕೊಂಡಿದ್ದೆ. ಸಮ್ಮೇಳನದ ಕಟ್ಟಡದ ಎದುರಿನ ಕಾಫಿ ಅಂಗಡಿಯಲ್ಲಿ, ಹೊರಗಿನ ಮೇಜಿನಲ್ಲಿ ಅವಳು ಕಾಯುತ್ತಿದ್ದಳು. ಎದ್ದು ನಿಂತು ಕೈ ಮುಗಿದು 'ನಮಸ್ಕಾರ ಮೇಡಂ, ತಾವು ಕ್ಷೇಮವಾಗಿದ್ದೀರಾ?' ಅಂದಳು. ನಾನು ಕಲಿಸಿದ ಅದೇ ಪುಸ್ತಕದ ಕನ್ನಡ, ಒಂದು ಕೂದಲೂ ಕೊಂಕಿರಲಿಲ್ಲ.

ಕೂರುವ ಮೊದಲೇ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. 'ಉತ್ತರ ಕೊಟ್ಟವಳು ನಾನೇ. ಇಪ್ಪತ್ಮೂರು ಕಡೆ. ಬೈಯೋದಿದ್ರೆ ಬೈದುಬಿಡಮ್ಮ, ಮುಂದಕ್ಕೆ ಹಾಕ್ಬೇಡ' ಅಂದೆ.

ಅವಳು ಬೈಯಲಿಲ್ಲ. ಪೆನ್ಸಿಲ್ ಹಿಡಿದು ಒಂದೊಂದನ್ನೂ ಓದಿದಳು. ಅವಳು ನಗುತ್ತಾಳೇನೋ ಅಂತ ನೋಡುತ್ತಿದ್ದೆ. ನಗಲೂ ಇಲ್ಲ. ಕೊನೆಗೆ, 'ಕೆಲಸ ನಿಮ್ಮದೇ ಮೇಡಂ, ವಿಶ್ವವಿದ್ಯಾಲಯದವರಿಗೆ ನಾನೇ ಹೇಳುತ್ತೇನೆ. ಸ್ವತಃ ಪಟ್ಟಿಯನ್ನು ತಂದವರನ್ನು ಯಾರು ಕಳೆದುಕೊಳ್ಳುತ್ತಾರೆ?' ಅಂದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. 'ಹಾಗಾದ್ರೆ ಇವನ್ನೆಲ್ಲ ಅಳಿಸಿ ಕೊಡ್ತೀನಿ, ನಾಳೇನೇ' ಅಂದೆ.

'ಅಳಿಸುವಂತಿಲ್ಲ' ಅಂದಳು. ಭಂಡಾರಕ್ಕೆ ಸೇರಿದ್ದನ್ನು ಅಳಿಸುವುದು ಅವರ ಪ್ರಕಾರ ಎರಡನೇ ತಪ್ಪಂತೆ. ತಿದ್ದಿದ ಪ್ರತಿ ಬೇರೆ ಇಡುತ್ತಾರೆ, ಹಳೆಯದು ಹಾಗೇ ಉಳಿಯುತ್ತದೆ. ಅದರಲ್ಲಿ ಮಾತಾಡಿದ ಪ್ರತಿಯೊಬ್ಬರ ವಿವರವೂ ಇರಬೇಕು. ಅಜ್ಜಿಯ ವಿವರವಿತ್ತು, ಬಾವಿಯವನ ವಿವರವಿತ್ತು, ನನ್ನದಿರಲಿಲ್ಲ. ಅವಳು ಚೀಲದಿಂದ ಒಂದು ಫಾರ್ಮ್ ತೆಗೆದಳು.

ಅವಳೇ ಕೇಳುತ್ತ ಹೋದಳು, ನಾನು ಹೇಳುತ್ತ ಹೋದೆ. ವಯಸ್ಸು. ಹುಟ್ಟಿದ ಊರು. ತಾಯಿಯ ಊರು, ತಂದೆಯ ಊರು. ಓದಿದ್ದು. ನನಗೆ ಒಳಗೊಳಗೇ ಒಂಥರಾ ಹಿತವಾಗುತ್ತಿತ್ತು. ಎಷ್ಟೋ ತಿಂಗಳ ಮೇಲೆ ಒಬ್ಬರು ಎದುರು ಕೂತು, ನನ್ನ ಮುಖ ನೋಡುತ್ತ, ಕನ್ನಡದಲ್ಲಿ ನನ್ನ ವಿಚಾರ ಕೇಳುತ್ತಿದ್ದರು. ಕೇಳದಿದ್ದ ಸೋದರಮಾವನ ಊರನ್ನೂ ಹೇಳಿದೆ.

'ದಿನಕ್ಕೆ ಎಷ್ಟು ಗಂಟೆ ಕನ್ನಡ ಮಾತನಾಡುತ್ತೀರಿ?' ಅಂತ ಕೇಳಿದಳು. 'ಯಾರೊಂದಿಗೆ?'

ಟೇಪುಗಳ ಜೊತೆ ಅಂದೆ. ಟೇಪು ಲೆಕ್ಕಕ್ಕೆ ಬರುವುದಿಲ್ಲ ಮೇಡಂ, ಮನುಷ್ಯರೊಂದಿಗೆ, ಅಂದಳು. ನಾನು ಯೋಚಿಸಿದೆ. ಅವಳು ಕಾಯುವುದನ್ನೇ ವೃತ್ತಿ ಮಾಡಿಕೊಂಡವಳು, ಕಾದಳು. ಸೋಮವಾರ ಯಾರೂ ಇಲ್ಲ. ಮಂಗಳವಾರವೂ. ಊರಿನಲ್ಲಿದ್ದ ತಮ್ಮನ ಫೋನು ಬಂದು ಎಷ್ಟು ದಿನವಾಯಿತು ಅಂತ ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

'ಯಾರೂ ಇಲ್ಲ, ಬರ್ಕೋ' ಅಂದೆ.

ಅವಳು ಬರೆದಳು. ಅದರ ಕೆಳಗೆ ಎರಡು ಚೌಕಗಳಿದ್ದವು. ಇಂಗ್ಲಿಷಿನಲ್ಲಿದ್ದದ್ದನ್ನು ಅವಳು ಕನ್ನಡ ಮಾಡಿ ಓದಿದಳು: ಈ ಭಾಷೆಯನ್ನು ಈಗ ಮಾತನಾಡುವವರು, ಈ ಭಾಷೆಯನ್ನು ಹಿಂದೆ ಮಾತನಾಡುತ್ತಿದ್ದವರು. ಓದಿ, ಪೆನ್ಸಿಲನ್ನು ಎರಡನೇ ಚೌಕದ ಹತ್ತಿರ ತಂದಳು. ಅವಳ ಮುಖ ಕೆಂಪಾಯಿತು. 'ಕ್ಷಮಿಸಿ ಮೇಡಂ. ನಿಯಮದ ಪ್ರಕಾರ...' ಅಂದು ನಿಲ್ಲಿಸಿದಳು.

ನನಗೆ ಸಿಟ್ಟು ಬಂತು. ನಿನ್ನ ನಾಲಿಗೆಯ ಮೇಲೆ ಈ ಭಾಷೆ ಕೂರಿಸಿದವಳೇ ನಾನು ಕಣೆ, ಅನ್ನಬೇಕು ಅನ್ನಿಸಿತು. ಆದರೆ ಇಪ್ಪತ್ತಮೂರು ಕಡೆ ಇಲ್ಲದ್ದನ್ನು ಇದೆಯೆಂದು ಬರೆದವಳು, ಇನ್ನೊಂದು ಸಲ ಬರೆಯಲು ಹೇಗೆ ಹೇಳಲಿ? 'ಹಾಕಮ್ಮ' ಅಂದೆ. ನನ್ನ ವಿದ್ಯಾರ್ಥಿನಿ ಎರಡನೇ ಚೌಕಕ್ಕೆ ಗುರುತು ಹಾಕಿ ಫಾರ್ಮನ್ನು ನನ್ನ ಕಡೆ ತಿರುಗಿಸಿದಳು. ನಾನು ಓದಿ ನೋಡಿದೆ. ಎಲ್ಲ ಸರಿಯಾಗಿತ್ತು. ಸಹಿ ಮಾಡಿದೆ.