ಹುಳುಮನೆಯಲ್ಲಿ ಎರಡನೆಯ ದನಿ

ನಮ್ಮ ಅತ್ತೆಯ ಮನೆಯಲ್ಲಿ ಒಂದು ಕಾನೂನಿತ್ತು. ರೇಷ್ಮೆಹುಳು ಮನೆಯಲ್ಲಿ ಇರುವಷ್ಟು ದಿನ ಯಾರೂ ಊರು ಬಿಟ್ಟು ಹೋಗುವ ಹಾಗಿಲ್ಲ, ಯಾರೂ ನೆಂಟರಾಗಿ ಬರುವ ಹಾಗಿಲ್ಲ. ಮದುವೆಯ ಕರೆಯೋಲೆ ಬಂದರೆ ಅತ್ತೆ ಮೊದಲು ವಿಚಾರಿಸುತ್ತಿದ್ದುದು ಹುಡುಗಿ ಯಾವ ಊರಿನವಳು ಎಂದಲ್ಲ, ಆ ಹೊತ್ತಿಗೆ ನಮ್ಮ ಹುಳು ಎಷ್ಟನೆಯ ಜ್ವರದಲ್ಲಿರುತ್ತದೆ ಎಂದು. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲುಗಾಡದೆ ಕೂತು ಹಳೆಯ ಚರ್ಮ ಕಳಚುವ ಕಾಲ. ಹೀಗೆ ನಾಲ್ಕು ಸಲ ಜ್ವರಕ್ಕೆ ಕೂತು ಎದ್ದ ಮೇಲೆ ಅದು ಹಗಲು ರಾತ್ರಿ ಎನ್ನದೆ ತಿನ್ನುತ್ತದೆ, ಆಮೇಲೆ ಗೂಡು ಕಟ್ಟುತ್ತದೆ. ಗೂಡು ಕೋಲಾರದ ಮಾರುಕಟ್ಟೆಗೆ ಹೋದ ಮೇಲೆ ಹುಳುಮನೆ ತೊಳೆದು, ಸುಣ್ಣ ಬಳಿದು, ಕೆಲವು ದಿನ ಉಸಿರಾಡಿದರೆ ಮತ್ತೆ ಹೊಸ ಹುಳು ಬರುತ್ತದೆ. ವರ್ಷವೆಲ್ಲ ಇದೇ. ಮಾಲೂರಿನ ಹತ್ತಿರದ ಆ ಹಳ್ಳಿಗೆ ನಾನು ಸೊಸೆಯಾಗಿ ಬರುವಾಗ ಇದನ್ನು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನನ್ನನ್ನು ಯಾರು ಕೇಳುತ್ತಿದ್ದರು?

ನಾನು ಹುಟ್ಟಿದ್ದು ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನಲ್ಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಕೋಲಾರದಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿನ ಒಂದು ಸಣ್ಣ ಆಫೀಸಿಗೆ ಸೇರಿಕೊಂಡೆ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾಸ. ಆಫೀಸಿನಲ್ಲಿ ಪಕ್ಕದ ಮೇಜಿನವಳು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು, ಚಿಕ್ಕವಳಿದ್ದಾಗ ಚರ್ಚಿನಲ್ಲಿ ಹಾಡುತ್ತಿದ್ದವಳು. ಅವಳ ಚೀಲದಲ್ಲಿ ಊಟದ ಡಬ್ಬಿ ಇರುತ್ತಿತ್ತೋ ಇಲ್ಲವೋ, ವಾಕ್‌ಮನ್ ಮಾತ್ರ ಇದ್ದೇ ಇರುತ್ತಿತ್ತು. ಮಧ್ಯಾಹ್ನ ನನ್ನ ಡಬ್ಬಿಯ ಚಿತ್ರಾನ್ನದಲ್ಲಿ ಅರ್ಧ ಅವಳಿಗೆ, ಅವಳ ಇಯರ್‌ಫೋನಿನಲ್ಲಿ ಅರ್ಧ ನನಗೆ. ಆಫೀಸಿನ ಹಿಂದಿನ ಮೆಟ್ಟಿಲ ಮೇಲೆ ತಲೆಗೆ ತಲೆ ಆನಿಸಿಕೊಂಡು ಕೂರುತ್ತಿದ್ದೆವು.

ಮೊದಲ ಸಲ ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ಕೇಳಿದಾಗ ನನಗೆ ಒಂದು ಪದವೂ ತಿಳಿಯಲಿಲ್ಲ. ಆದರೆ ಮೈ ಜುಮ್ಮೆಂದಿತು. ಒಬ್ಬ ಹೆಂಗಸು ಎದೆಯಿಂದ ಎತ್ತಿ ಎತ್ತಿ ಹಾಡುತ್ತಿದ್ದಳು, ಹಿಂದೆ ಇನ್ನಿಬ್ಬರು ಅವಳಿಗೆ ಓಗೊಡುತ್ತಿದ್ದರು. ನಮ್ಮ ಕಡೆ ಹೆಂಗಸರು ಹೀಗೆ ಗಂಟಲು ಬಿಟ್ಟು ಹಾಡುವುದು ಸಾವಿನ ಮನೆಯಲ್ಲಿ ಮಾತ್ರ. ನಮ್ಮ ತಾತ ಸತ್ತಾಗ ಸೋದರತ್ತೆ ಹಾಡಿಕೊಂಡು ಅತ್ತಿದ್ದು, ಸುತ್ತ ಕೂತ ಹೆಂಗಸರು ಅದಕ್ಕೆ ದನಿಗೂಡಿಸಿದ್ದು ನೆನಪಾಯಿತು. ಸಾಯದೆಯೂ ಹೀಗೆ ಹಾಡಬಹುದು ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

"ಏನಂತಿದ್ದಾಳೆ ಅವಳು?" ಎಂದು ಕೇಳಿದೆ.

"ಅರ್ಥ ಆಮೇಲೆ ನೋಡ್ಕೊಳ್ಳೋಣ ಕಣೇ. ಎಲ್ಲಿ ಉಸಿರು ತಗೋತಾಳೆ ಅದನ್ನ ಕೇಳು," ಎಂದಳು ಗೆಳತಿ.

ಹಾಗೆ ಕಲಿತೆ. ಅವಳು ಮುಖ್ಯ ಸಾಲು ಗುನುಗಿದರೆ ನಾನು ಓಗೊಡುವ ಸಾಲು ಗುನುಗುತ್ತಿದ್ದೆ. ಆಮೇಲೆ ಅವಳೇ ಹಾಡು ಕಟ್ಟತೊಡಗಿದಳು. ಶನಿವಾರ ಸಂಜೆ ನಾಲ್ಕಾರು ಹುಡುಗರು ಗಿಟಾರು ಹಿಡಿದುಕೊಂಡು, ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಬರೆದದ್ದನ್ನು ತಾವೇ ಹಾಡುವ ಜಾಗಗಳಿಗೆ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದಳು. ಅದಕ್ಕೆ ಇಂಡಿ ಮ್ಯೂಸಿಕ್ ಅನ್ನುತ್ತಾರೆ ಎಂದು ಹೇಳಿಕೊಟ್ಟವಳೂ ಅವಳೇ. ಹಾಡು ಕೆಟ್ಟದಾಗಿದ್ದರೂ ನಮಗೆ ಖುಷಿ. ಕೆಟ್ಟದಾಗಿ ಹಾಡುವುದಕ್ಕೂ ಅಪ್ಪಣೆ ಬೇಡ ಎನ್ನುವುದೇ ನನಗೆ ದೊಡ್ಡ ಸುದ್ದಿಯಾಗಿತ್ತು.

ಮದುವೆಯಾಯಿತು. ಮಾಲೂರಿನಿಂದ ಬೆಂಗಳೂರಿಗೆ ರೈಲಿದೆಯಲ್ಲ, ಕೆಲಸ ಬಿಡಬೇಕಾಗಿಲ್ಲ ಎಂದು ಮಾತಾಗಿತ್ತು. ಯಾರೂ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಕೆಲಸ ಬಿಡು ಎಂದು ನನ್ನ ಗಂಡನಾಗಲಿ ಅತ್ತೆಯಾಗಲಿ ಒಂದು ದಿನವೂ ಅನ್ನಲಿಲ್ಲ. ಬೆಳಗಿನ ಸೊಪ್ಪು ಹಾಕುವ ಹೊತ್ತೂ ರೈಲು ಹೊರಡುವ ಹೊತ್ತೂ ಒಂದೇ ಆಗಿತ್ತು, ಅಷ್ಟೆ. ಅತ್ತೆಗೆ ಮಂಡಿನೋವು. ಅವರು ಕುಂಟಿಕೊಂಡು ಹುಳುವಿನ ಬಿದಿರು ತಟ್ಟೆ ಎತ್ತುವುದನ್ನು ನೋಡಿಯೂ ನಾನು ಚೀಲ ತಗಲಿಸಿಕೊಂಡು ಹೊರಡಬೇಕಿತ್ತು. ಒಂದು ದಿನ ರೈಲು ತಪ್ಪಿತು, ಒಂದು ವಾರ ತಪ್ಪಿತು, ಆಮೇಲೆ ಆಫೀಸೇ ತಪ್ಪಿತು. ಯಾರನ್ನಾದರೂ ಬೈಯೋಣವೆಂದರೆ ಬೈಸಿಕೊಳ್ಳುವವರು ಯಾರೂ ಇಲ್ಲ. ಇದರಷ್ಟು ಸಿಟ್ಟು ಬರಿಸುವ ಸ್ಥಿತಿ ಇನ್ನೊಂದಿಲ್ಲ.

ಗೆಳತಿ ಮದುವೆಗೆ ಉಡುಗೊರೆಯಾಗಿ ತನ್ನ ವಾಕ್‌ಮನ್ನನ್ನೇ ಕೊಟ್ಟಿದ್ದಳು. ಹುಳುಮನೆಯಲ್ಲಿ ತಟ್ಟೆ ತಟ್ಟೆಗೆ ಸೊಪ್ಪು ಹರಡುತ್ತಾ ಅದನ್ನು ಕೇಳುತ್ತಿದ್ದೆ. ರೇಡಿಯೋ ಜೋರಾಗಿ ಹಾಕಿದರೆ ಹುಳು ಬೆದರುತ್ತದೆ ಎಂದು ಅತ್ತೆಯ ನಂಬಿಕೆ. ಇದು ಕಿವಿಯೊಳಗೇ ಹಾಡುತ್ತದೆ ಎಂದು ತೋರಿಸಿದ ಮೇಲೆ ಒಪ್ಪಿಕೊಂಡರು. ಆದರೆ ಒಬ್ಬಳೇ ಕೇಳುವಾಗ ಇಯರ್‌ಫೋನಿನ ಇನ್ನೊಂದು ಗುಂಡಿ ಎದೆಯ ಮೇಲೆ ಸುಮ್ಮನೆ ಜೋತಾಡುತ್ತಿತ್ತು. ಅದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು. ಒಂದೊಂದು ಸಲ ಅದನ್ನೂ ಇನ್ನೊಂದು ಕಿವಿಗೆ ಸಿಕ್ಕಿಸಿಕೊಂಡು ಬಿಡುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ, ಹುಳು ನಾಲ್ಕನೆಯ ಜ್ವರದಿಂದ ಎದ್ದು ಬಕಬಕ ತಿನ್ನುತ್ತಿದ್ದ ದಿನ, ಗೆಳತಿ ಹೇಳದೆ ಕೇಳದೆ ಬಾಗಿಲಿಗೆ ಬಂದು ನಿಂತಳು. ಗಮಗಮ ಎನ್ನುವ ಸೆಂಟು. ಅತ್ತೆ ಅಂಗಳದಲ್ಲೇ ತಡೆದರು.

"ನಿಂತ್ಕೋಮ್ಮಾ ಅಲ್ಲೇ. ಹುಳಕ್ಕೆ ವಾಸ್ನೆ ಆಗಕಿಲ್ಲ. ಬಾಗ್ಲಿಗೆ ಬಂದೋಳ್ನ ಹಂಗೇ ಕಳಿಸಕಾಯ್ತದಾ, ಬಚ್ಚಲಲ್ಲಿ ಬಿಸಿನೀರೈತೆ, ಹೋಗು."

ತಲೆಗೆ ನೀರು ಹಾಕಿಸಿ, ತಮ್ಮದೇ ಒಗೆದ ಹಳೆಯ ಸೀರೆ ಉಡಿಸಿ, ಕಾಲಿಗೆ ಸುಣ್ಣದ ಪುಡಿ ತುಳಿಸಿ ಒಳಗೆ ಬಿಟ್ಟರು. ಗೆಳತಿ ಹುಳುಮನೆಯ ಹೊಸಲಲ್ಲಿ ನಿಂತವಳು ಕಿವಿ ನಿಮಿರಿಸಿದಳು.

"ಮಳೆ ಬರ್ತಿದೆಯೇನೇ?"

"ಮಳೆಯೆಲ್ಲಿ ಬಂತು, ಹುಳು ತಿನ್ನೋ ಸದ್ದು," ಎಂದೆ. ಅವಳು ನಂಬಲಿಲ್ಲ. ಒಂದು ತಟ್ಟೆಯ ಹತ್ತಿರ ಕಿವಿ ಒಯ್ದು ಬಹಳ ಹೊತ್ತು ಬಗ್ಗಿಕೊಂಡೇ ಇದ್ದಳು.

ಅವಳು ಬಂದ ಕಾರಣ ಇದು. ಅವಳೂ ಮೂವರು ಹುಡುಗರೂ ಸೇರಿ ಒಂದು ತಂಡ ಕಟ್ಟಿದ್ದರು. ಬೆಂಗಳೂರಿನ ಒಂದು ಚಿಕ್ಕ ಹಾಲಿನಲ್ಲಿ ಮೊದಲ ಕಾರ್ಯಕ್ರಮ. ಮೆಟ್ಟಿಲ ಮೇಲೆ ನಾವಿಬ್ಬರೂ ಗುನುಗುತ್ತಿದ್ದ ಅವಳ ಒಂದು ಹಾಡಿಗೆ ಓಗೊಡುವ ಎರಡನೆಯ ದನಿಯಾಗಿ ನಾನೇ ನಿಲ್ಲಬೇಕು. "ನಿನ್ನ ಬಿಟ್ಟು ಬೇರೆ ಯಾರೂ ಅಲ್ಲಿ ಸರಿಹೋಗಲ್ಲ ಕಣೇ," ಎಂದಳು. ಅಭ್ಯಾಸಕ್ಕೆಂದು ಅವಳು ಸಣ್ಣ ಟೇಪ್‌ರೆಕಾರ್ಡರ್ ತಂದಿದ್ದಳು. ಅದನ್ನು ತಟ್ಟೆಗಳ ಕೆಳಗೆ ಇಟ್ಟು ಗುಂಡಿ ಒತ್ತಿದಳು. ಅವಳು ಸಾಲು ಎತ್ತಿದಳು, ನಾನು ಓಗೊಟ್ಟೆ. ಹೊರಗಿನಿಂದ ಅತ್ತೆ, "ಮೆತ್ತಗೆ, ಅಮ್ಮಾಯಿ, ಮೆತ್ತಗೆ," ಅನ್ನುತ್ತಲೇ ಇದ್ದರು. ನಾನು ಇಳಿಸಿದೆ. ಮತ್ತೂ ಇಳಿಸಿದೆ. ಆದರೂ ಹಾಡಿದೆ.

ಕಾಫಿ ಕೊಡುವಾಗ ಅತ್ತೆಯೇ ದಿನ ಎಣಿಸಿ ನೋಡಿದರು. ಕಾರ್ಯಕ್ರಮದ ದಿನಕ್ಕೆ ಮುಂಚೆಯೇ ಹುಳು ಹಣ್ಣಾಗಿ ಗೂಡಿಗೆ ಬಿದ್ದಿರುತ್ತದೆ. "ಹೋಗಿ ಹಾಡ್ಬಿಟ್ಟು ಬಾ. ಚಂದ್ರಿಕೆಗೆ ಬಿಟ್ಟಮ್ಯಾಕೆ ನಿಂಗೇನು ಕೆಲ್ಸ ಇಲ್ಲಿ?" ಎಂದರು. ಚಂದ್ರಿಕೆ ಎಂದರೆ ಹಣ್ಣಾದ ಹುಳು ಗೂಡು ಕಟ್ಟಲು ಬಿಡುವ ದೊಡ್ಡ ಬಿದಿರಿನ ತಟ್ಟೆ. ನನ್ನ ಗಂಡ ರೈಲಿನವರೆಗೂ ತಾವೇ ಬಿಟ್ಟು ಬರುತ್ತೇನೆ ಎಂದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಗೆಳತಿ ಹೋದ ಮಾರನೆಯ ದಿನ ಮದರಾಸಿನ ಕಡೆಯಿಂದ ಮೋಡ ಮುಚ್ಚಿಕೊಂಡು ಬಂತು. ಜಿಟಿಜಿಟಿ ಹನಿ, ಕೊರೆಯುವ ಚಳಿ. ಚಳಿಗೆ ಹುಳು ಮಂದವಾಗುತ್ತದೆ, ತಿನ್ನುವುದು ನಿಧಾನ, ಹಣ್ಣಾಗುವುದೂ ನಿಧಾನ. ಹುಳುಮನೆಯಲ್ಲಿ ಇದ್ದಿಲ ಒಲೆ ಇಟ್ಟೆವು. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಳುಗಳ ಮೈ ನೋಡುತ್ತಿದ್ದೆ. ಹಣ್ಣಾದ ಹುಳು ಹಳದಿಗೆ ತಿರುಗುತ್ತದೆ, ಬೆಳಕಿಗೆ ಹಿಡಿದರೆ ಮೈ ತಿಳಿಯಾಗಿ ಕಾಣುತ್ತದೆ. ಒಂದೂ ತಿರುಗಲಿಲ್ಲ. ಬೇಗ ಬೇಗ ಎಂದು ಹುಳುವಿನ ಮುಂದೆ ಹಲ್ಲು ಕಚ್ಚಿಕೊಂಡು ಗೊಣಗಿದೆ. ಅವು ತಮ್ಮ ಪಾಡಿಗೆ ತಿನ್ನುತ್ತಿದ್ದವು.

ಅವು ಹಣ್ಣಾದದ್ದು ಕಾರ್ಯಕ್ರಮದ ದಿನ ಬೆಳಗ್ಗೆ. ನಾನು ಆಗಲೇ ಒಳ್ಳೆಯ ಸೀರೆ ಉಟ್ಟು ಸಿದ್ಧಳಾಗಿದ್ದೆ. ಬಾಗಿಲಿಂದ ಒಮ್ಮೆ ಇಣುಕಿ ನೋಡಿದರೆ ತಟ್ಟೆ ತಟ್ಟೆಯಲ್ಲೂ ಹುಳು ತಲೆ ಎತ್ತಿ ಅತ್ತಿತ್ತ ತೂಗುತ್ತಿದೆ, ಬಾಯಲ್ಲಿ ನೂಲು. ಆ ಹೊತ್ತಿನಲ್ಲಿ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ನಮ್ಮ ಚಂದ್ರಿಕೆ ಸಾಲದೆ ನನ್ನ ಗಂಡ ಬಾಡಿಗೆಗೆ ತರಲು ಪಕ್ಕದ ಊರಿಗೆ ಓಡಿದ್ದರು. ಅದೇ ಚಳಿಗೆ ಸುತ್ತಲ ಮನೆಗಳ ಹುಳುವೂ ಒಟ್ಟಿಗೇ ಹಣ್ಣಾಗಿತ್ತು, ಕೂಲಿಗೂ ಜನ ಸಿಗಲಿಲ್ಲ.

ಅತ್ತೆ ನೆಲಕ್ಕೆ ಕೂತು ಆರಿಸುತ್ತಿದ್ದರು. ನನ್ನನ್ನು ನೋಡಿ, "ಹೊರ್ಡು ಹೊರ್ಡು, ರೈಲು ತಪ್ತದೆ. ನಾ ನೋಡ್ಕೋತೀನಿ," ಎಂದರು. ಅದು ಮನಸ್ಸಿನಿಂದಲೇ ಬಂದ ಮಾತು, ವ್ಯಂಗ್ಯವಲ್ಲ. ವ್ಯಂಗ್ಯವಾಗಿದ್ದರೆ ಹೊರಟುಬಿಡುತ್ತಿದ್ದೆ. ಒಂದು ಬೈಗುಳ ಬಿದ್ದಿದ್ದರೂ ಸಾಕಿತ್ತು, ಸೆರಗು ಝಾಡಿಸಿ ರೈಲು ಹತ್ತುತ್ತಿದ್ದೆ. ಅವರ ಎರಡು ಕೈ, ಅಷ್ಟೊಂದು ತಟ್ಟೆ. ಒಳಗೆ ಹೋಗಿ ಸೀರೆ ಬದಲಿಸಿ ಬಂದು ಕೂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಾಲೂರಿನ ಕಡೆಯಿಂದ ರೈಲಿನ ಸದ್ದು ಕೇಳಿದಾಗ ನಾನು ಹುಳು ಆರಿಸುತ್ತಾ ಅಳುತ್ತಿದ್ದೆ. ಹುಳುವಿನ ಮೇಲೆ ಕಣ್ಣೀರು ಬೀಳಬಾರದೆಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಅಳುತ್ತಿದ್ದೆ. ಅಷ್ಟು ಪಳಗಿಹೋಗಿದ್ದೆ.

ಆಮೇಲೆ ಕೆಲವು ತಿಂಗಳು ಗೆಳತಿಯ ಸುದ್ದಿಯಿಲ್ಲ. ಸಿಟ್ಟಾಗಿದ್ದಾಳೆ ಎಂದುಕೊಂಡೆ. ಒಂದು ದಿನ ಪಕ್ಕದ ಮನೆಗೆ ಅವಳ ಫೋನು ಬಂತು.

"ನಮ್ಮ ಕ್ಯಾಸೆಟ್ ಬಂತು ಕಣೇ! ನಾವೇ ದುಡ್ಡು ಹಾಕಿ ಮಾಡ್ಸಿದ್ದು. ಆಫೀಸಿನವರೊಬ್ರು ಮಾಲೂರಿಗೆ ಬರ್ತಾರೆ, ಅವರ ಕೈಲಿ ಕಳಿಸ್ತೀನಿ."

"ನನ್ನ ಜಾಗದಲ್ಲಿ ಯಾರೇ ಹಾಡಿದ್ದು?" ಎಂದು ಕೇಳಿದೆ. ಹೊಟ್ಟೆ ಉರಿಯುತ್ತಿತ್ತು.

"ನೀನೇ! ಅವತ್ತು ಹುಳುಮನೇಲಿ ಟೇಪ್ ಮಾಡಿದ್ನಲ್ಲ, ಅದನ್ನೇ ಹಾಕಿದೀವಿ. ಕೇಳಿದವರೆಲ್ಲ ಮಳೇಲಿ ಹಾಡಿದ ಹಾಗಿದೆ ಅಂತಾರೆ."

ಕ್ಯಾಸೆಟ್ ಬಂದಾಗ ಮನೆಯಲ್ಲಿ ಹುಳು ಇರಲಿಲ್ಲ. ತೊಳೆದ ತಟ್ಟೆಗಳು ಅಂಗಳದಲ್ಲಿ ಬಿಸಿಲಿಗೆ ಒಣಗುತ್ತಿದ್ದವು. ನಡುಮನೆಯ ಟೇಪ್‌ರೆಕಾರ್ಡರಿಗೆ ಅದನ್ನು ಹಾಕಿ ನನ್ನ ಗಂಡನನ್ನೂ ಅತ್ತೆಯನ್ನೂ ಕರೆದು ಕೂರಿಸಿದೆ. ನನ್ನ ದನಿ ಬೆಂಗಳೂರಿನಲ್ಲಿ ಯಾರ‍್ಯಾರದೋ ಮನೆಯಲ್ಲಿ ಕೇಳಿಸುತ್ತಿದೆ ಎಂದು ಜಂಬ. ನಾನು ಹೋಗಲಾರದಿದ್ದರೂ ಅದಾದರೂ ಹೋಯಿತಲ್ಲ ಎಂದು ಸಮಾಧಾನ. ಗಿಟಾರು ಬಂತು, ಗೆಳತಿಯ ಸಾಲು ಬಂತು. ಮುಂದಿನದು ನನ್ನದು. ಉಸಿರು ಹಿಡಿದೆ.

ಹುಳು ತಿನ್ನುವ ಸದ್ದು ಬಂತು. ಮನೆ ತುಂಬ ಅದೇ ಸದ್ದು.

ಅತ್ತೆ ಮಂಡಿಗೆ ಕೈಯೂರಿ ಎದ್ದೇಬಿಟ್ಟರು. "ಸೊಪ್ಪು ತೀರ್ತಾ ಐತೆ ಕಣೇ ಅಮ್ಮಾಯಿ, ಕಡ್ಡಿ ಕೆರೀತಾವೆ," ಎಂದು ಹುಳುಮನೆಯ ಕಡೆಗೆ ನಾಲ್ಕು ಹೆಜ್ಜೆ ಹಾಕಿದರು. ನನ್ನ ಗಂಡ ಬಿದ್ದು ಬಿದ್ದು ನಕ್ಕರು. "ಅಮ್ಮಾ, ಟೇಪಮ್ಮಾ ಅದು! ಹುಳು ಎಲ್ಲೈತೆ ಮನೇಲಿ?"

ಅತ್ತೆ ನಾಚಿಕೊಂಡು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ನಗಲಿಲ್ಲ. ಯಾಕೆಂದರೆ ನಾನು ಅವರಿಗಿಂತ ಮುಂದೆ ಇದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಾಗಿತ್ತು, ಕೈ ಹುಳುಮನೆಯ ಅಗುಳಿಯ ಮೇಲಿತ್ತು. ಅಷ್ಟರಲ್ಲಿ ನನ್ನ ಸಾಲು ಮುಗಿದುಹೋಗಿತ್ತು. ನಾನು ಅದನ್ನು ಕೇಳಿಸಿಕೊಂಡೇ ಇರಲಿಲ್ಲ.

ನನ್ನ ಮುಖ ನೋಡಿ ಗಂಡ ನಗು ನಿಲ್ಲಿಸಿ ಟೇಪನ್ನು ಹಿಂದಕ್ಕೆ ಓಡಿಸಿದರು. ಈ ಸಲ ಕುರ್ಚಿಯ ಕೈಗಳನ್ನು ಎರಡೂ ಕಡೆ ಬಿಗಿಯಾಗಿ ಹಿಡಿದುಕೊಂಡು ಕೂತೆ. ಆಗ ಆ ಸದ್ದಿನ ಕೆಳಗೆ ಎಲ್ಲೋ, ಗೊತ್ತಿದ್ದವರಿಗೆ ಮಾತ್ರ ಗೊತ್ತಾಗುವಷ್ಟು ಸಣ್ಣಗೆ, ನಾನು ಹಾಡುತ್ತಿದ್ದೆ. ಆ ಕ್ಯಾಸೆಟ್ ಇನ್ನೂ ನನ್ನ ಹತ್ತಿರ ಇದೆ. ಇವತ್ತಿಗೂ ಏನನ್ನಾದರೂ ಹಿಡಿದುಕೊಂಡು ಕೂತರೆ ಮಾತ್ರ ನನ್ನ ದನಿ ನನಗೆ ಕೇಳುತ್ತದೆ.