ಚಲುವಯ್ಯನ ಜೀಪಿನ ಎಡ ಚಕ್ರ

ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಕೋಟೆ ಪಟ್ಟಣದ ಕಡೆ ತಿರುಗುವ ರಸ್ತೆಯ ಮಗ್ಗುಲಿಗೆ ಪುಟ್ಟಮಲ್ಲಪ್ಪನ ತಗಡಿನ ಷೆಡ್ಡು. ಕಂಪಲಾಪುರದ ಬೇಸಾಯದ ಮನೆಯಲ್ಲಿ ಹುಟ್ಟಿದರೂ ಅವನಿಗೆ ಹೊಲ ಹಿಡಿಸಲಿಲ್ಲ. ಪ್ರಾಯದಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಗಳಲ್ಲಿ ಕ್ಲೀನರ್ ಆಗಿದ್ದ. ಆಮೇಲೆ ವರ್ಷಗಟ್ಟಲೆ ಜಲ್ಲಿ ಒಡೆಯುವ ಮಿಷನ್ನಿನ ಪಕ್ಕದಲ್ಲೇ ನಿಂತು ಅದರ ರಿಪೇರಿ ನೋಡಿಕೊಂಡ. ಕೊನೆಗೆ ಹೆಂಡತಿ ಸುಂದ್ರಮ್ಮನನ್ನು ಕರೆದುಕೊಂಡು ಬಂದು ಇಲ್ಲಿ ಷೆಡ್ಡು ಹಾಕಿದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತನೆಂದರೆ ಯಾವ ಭಾಗ ಕೆಟ್ಟಿದೆ ಎಂದು ಬಿಚ್ಚುವ ಮೊದಲೇ ಹೇಳುತ್ತಿದ್ದ. ಅದನ್ನು ನೋಡಲೆಂದೇ ಬಸ್ಸಿಗೆ ಕಾಯುವವರು ಷೆಡ್ಡಿನ ಮುಂದೆ ಬಂದು ನಿಲ್ಲುತ್ತಿದ್ದರು.

ಅರವತ್ತೊಂಬತ್ತನೇ ಇಸವಿಯ ಸುಗ್ಗಿ ಕಾಲ. ನೀರಾವರಿ ಜಮೀನಿನ ಚಲುವಯ್ಯ ಕೊಯ್ಲಿನ ಹೆಣ್ಣಾಳುಗಳನ್ನು ತನ್ನ ಹಳೇ ಜೀಪಿನ ಹಿಂದೆ ಕೂರಿಸಿಕೊಂಡು ಷೆಡ್ಡಿಗೆ ಬಂದ.

"ಮಲ್ಲಪ್ಪ, ಮುಂದ್ಗಡೆ ಯಾವ್ದೋ ಚಕ್ರ ಸದ್ದು ಮಾಡ್ತಾ ಅದೆ. ಒಸಿ ನೋಡಯ್ಯ. ಇವ್ರನ್ನ ಹಾಡಿಗೆ ಬುಟ್ಟು ಬರ್ಬೇಕು."

"ಓಡ್ಸಿ ನೋಡ್ದೇಟ್ಗೆ ಗೊತ್ತಾಯ್ತದೆ, ಬನ್ನಿ ಯಜಮಾನ್ರೇ" ಎಂದು ಪುಟ್ಟಮಲ್ಲಪ್ಪ ಸ್ಟಿಯರಿಂಗ್ ಹಿಡಿದು ಕೂತ. ಚಲುವಯ್ಯ ಪಕ್ಕಕ್ಕೆ ಸರಿದ. ಹೆಣ್ಣಾಳುಗಳು ಇಳಿಯಲಿಲ್ಲ, ಹೇಗೂ ದಾರಿ ತಮ್ಮ ಗುಡಿಸಲುಗಳಿರುವ ಹಾಡಿಯ ಕಡೆಗೇ.

ಜೀಪು ವೇಗ ಹಿಡಿಯಿತು. ಪುಟ್ಟಮಲ್ಲಪ್ಪ ತಲೆ ಓರೆ ಮಾಡಿ ಆಲಿಸಿದ. ಇಂಜಿನ್ನಿನ ಗುಡುಗು ಕೇಳಿತು, ಗಾಳಿ ಕೇಳಿತು, ಗುಂಡಿಗೆ ಬಿದ್ದಾಗ ಹಿಂದಿನ ತಗಡು ಧಡಕ್ಕೆಂದದ್ದು ಕೇಳಿತು. ಬೇರೇನೂ ಇಲ್ಲ.

"ಎಲ್ಲಿ ಯಜಮಾನ್ರೇ ಸದ್ದು? ಗಾಡಿ ಚೆಂದಾಗೈತಲ್ಲ!"

ಚಲುವಯ್ಯ ಅವನ ಮುಖ ನೋಡಿದ. ತಮಾಷೆ ಇರಬೇಕೆಂದುಕೊಂಡು ನಕ್ಕ. ಹಿಂದೆ ಕೂತಿದ್ದ ಹೆಣ್ಣಾಳುಗಳಲ್ಲಿ ಬೆಳ್ಳಮ್ಮ ಎಂಬವಳು ಮುಂದಕ್ಕೆ ಬಾಗಿದಳು. ಕಾಡಂಚಿನ ಹಾಡಿಯವಳು, ಬೆಳಗಿನ ಹೊತ್ತು ಕೂಲಿಗೆ ಹೊರಟರೆ ದಾರಿಯಲ್ಲಿ ಆನೆ ಬಿದಿರು ಮುರಿಯುವ ಸದ್ದಿಗೆ ಕಿವಿ ಕೊಟ್ಟೇ ಹೆಜ್ಜೆ ಇಡಬೇಕಾದವಳು.

"ಅಣ್ಣೋ, ಕುಡುಗೋಲು ಮಸ್ದಂಗೆ ಕಿರ್ರ್ ಕಿರ್ರ್ ಅಂತಾ ಅದೆ. ನಿಂಗೆ ಕೇಳಾಕಿಲ್ವಾ?"

ಪುಟ್ಟಮಲ್ಲಪ್ಪ ಗಕ್ಕನೆ ಬ್ರೇಕ್ ಒತ್ತಿದ. "ಈಗಲೂವಾ?"

"ನಿಲ್ಸಿದ್ಮ್ಯಾಲೆ ಎಲ್ಲಿಂದ ಬತ್ತದೆ? ಓಡೋವಾಗ. ಅದೂ ಬಲಕ್ಕೆ ತಿರುಗ್ದಾಗ ಜಾಸ್ತಿ."

ಮಿಕ್ಕ ಹೆಂಗಸರೂ ಹೌದು ಹೌದೆಂದರು. ಯಾರೂ ನಗುತ್ತಿರಲಿಲ್ಲ. ಪುಟ್ಟಮಲ್ಲಪ್ಪ ಜೀಪು ತಿರುಗಿಸಿಕೊಂಡು ನಿಧಾನಕ್ಕೆ ಷೆಡ್ಡಿಗೆ ಬಂದ.

ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಹಾಗಾದರೆ ಎಡಗಡೆಯದೇ. ಜಾಕ್ ಕೊಟ್ಟು ಆ ಚಕ್ರವನ್ನು ನೆಲದಿಂದ ಎತ್ತಿದ. ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಚಕ್ರ ಸಡಿಲ ಹಲ್ಲಿನಂತೆ ಆಡಿತು. ಸ್ಕ್ರೂಡ್ರೈವರನ್ನು ಚಕ್ರದ ಹಿಂದಿನ ತಗಡಿಗೆ ತಾಗಿಸಿ, ಹಿಡಿಯನ್ನು ಕಿವಿಗಿಟ್ಟುಕೊಂಡು, "ತಿರುಗ್ಸಿ ಯಜಮಾನ್ರೇ" ಅಂದ. ಚಲುವಯ್ಯ ಚಕ್ರವನ್ನು ರಭಸದಿಂದ ತಿರುಗಿಸಿದ.

ಏನೂ ಕೇಳಲಿಲ್ಲ. ಇನ್ನೊಂದು ಕಿವಿಗೆ ಇಟ್ಟ. ಅದರಲ್ಲೂ ಇಲ್ಲ.

"ಬೆಳ್ಳಮ್ಮ, ಇಲ್ ಬಾ. ನೀನು ಇಟ್ಕಂಡು ನೋಡು."

ಬೆಳ್ಳಮ್ಮ ಸಂಕೋಚದಿಂದಲೇ ಹಿಡಿಯನ್ನು ಕಿವಿಗೆ ಒತ್ತಿಕೊಂಡಳು. ಚಕ್ರ ತಿರುಗಿದ್ದೇ ತಡ, ಕಿಟ್ಟನೆ ಕಿರುಚಿ ಸ್ಕ್ರೂಡ್ರೈವರನ್ನು ಬಿಟ್ಟುಬಿಟ್ಟಳು. "ಅಯ್ಯಪ್ಪಾ! ಕಿವಿ ಒಳೀಕೇ ಕೊರೀತದೆ ಕಣಣ್ಣೋ!"

ಪುಟ್ಟಮಲ್ಲಪ್ಪ ನೆಲಕ್ಕೆ ಬಿದ್ದ ಸ್ಕ್ರೂಡ್ರೈವರನ್ನೇ ನೋಡುತ್ತ ನಿಂತ. ಚಲುವಯ್ಯ ಏನೋ ಕೇಳಿದ; ಅವನಿಗೆ ಅದರ ಕಡೆ ಗಮನವಿರಲಿಲ್ಲ.

ಕೈ ಮಾತ್ರ ತನ್ನ ಕೆಲಸ ಮರೆತಿರಲಿಲ್ಲ. ಚಕ್ರ ಕಳಚಿ, ಮಧ್ಯದ ಮುಚ್ಚಳ ತೆಗೆದು, ನಟ್ಟು ಬಿಚ್ಚಿ, ಚಕ್ರ ಕೂರುವ ಗುಂಬವಾದ ಹಬ್ಬನ್ನು ಇಡಿಯಾಗಿ ಎಳೆದುಕೊಂಡ. ಹಳದಿಯಾಗಿರಬೇಕಿದ್ದ ಗ್ರೀಸು ಸುಟ್ಟು ಕಾಡಿಗೆಯಾಗಿತ್ತು. ಬೇರಿಂಗನ್ನು ಅಂಗೈಗೆ ತೆಗೆದುಕೊಂಡಾಗ ಅದರ ಉರುಳೆಗಳನ್ನು ಹಿಡಿದಿಡುವ ತಗಡಿನ ಬಳೆ ತುಂಡುತುಂಡಾಗಿ ಉದುರಿತು. ಉರುಳೆಗಳ ಮೈಯೆಲ್ಲ ಹುಳ ತಿಂದಂತೆ ಚೂರೆದ್ದಿತ್ತು. ಇನ್ನೆರಡು ಹರದಾರಿ ಓಡಿದ್ದರೆ ಚಕ್ರವೇ ಕಳಚಿಕೊಳ್ಳುತ್ತಿತ್ತು. ಹಾಡಿಯ ದಾರಿಯ ಇಳಿಜಾರು, ಹಿಂದೆ ತುಂಬಿ ಕೂತ ಹೆಂಗಸರು, ಸ್ಟಿಯರಿಂಗ್ ಹಿಡಿದು 'ಗಾಡಿ ಚೆಂದಾಗೈತೆ' ಅಂದ ತಾನು. ಎಲ್ಲವೂ ಪುಟ್ಟಮಲ್ಲಪ್ಪನ ಕಣ್ಣಿಗೆ ಕಟ್ಟಿತು.

"ಹೊಸ್ದು ಮೈಸೂರಿಂದ ಬರ್ಬೇಕು. ನಾಳೆ ಬಸ್ಸಿಗೆ ತರಿಸ್ತೀನಿ. ಇದ್ನ ಇಲ್ಲೇ ಬುಡಿ" ಎಂದಷ್ಟೇ ಹೇಳಿದ. ಹೆಂಗಸರು ನಡೆದುಕೊಂಡು ಹೊರಟರು.

ಸಂಜೆ ಅವನು ಮನೆಯ ಜಗಲಿಯ ಮೇಲೆ ಕೂತಿದ್ದ. ಸುಂದ್ರಮ್ಮ ದೀಪದ ಗಾಜು ಒರೆಸುತ್ತಿದ್ದಳು. ಬೇಲಿಯ ಕಡೆ ಕಿವಿಯೊಡ್ಡಿ ಕೇಳಿದ: "ಸುಂದ್ರ, ಈಗ ಜೀರುಂಡೆ ಕೂಗ್ತಾ ಅವಾ?"

ಸುಂದ್ರಮ್ಮ ತಲೆಯೆತ್ತಿದಳು. "ಇದೇನ್ರೀ ಇಂಗ್ ಕೇಳ್ತೀರಿ? ಕಿವಿ ತೂತು ಬೀಳೋ ಅಂಗೆ ಕೂಗ್ತಾ ಅವೆ."

ಬೇಲಿಯಾಚೆಯ ಕತ್ತಲು ಅವನ ಪಾಲಿಗೆ ನಿಶ್ಶಬ್ದವಾಗಿತ್ತು. ಎಷ್ಟು ಕಾಲದಿಂದ ಹೀಗೆ? ಮರ ಕಡಿದು ಕಡಿದು ಜೀರುಂಡೆಗಳೆಲ್ಲ ಹೊರಟುಹೋದವೆಂದು ತಾನೇ ಗಿರಾಕಿಗಳ ಹತ್ತಿರ ಮರುಗಿದ್ದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದದ್ದು ಈಗ ನೆನಪಾಯಿತು.

"ನಂಗೆ ಒಂದೂ ಕೇಳ್ಸಾಕಿಲ್ಲ ಕಣೇ" ಅಂದ. ಸುಂದ್ರಮ್ಮ ಗಾಜನ್ನು ಕೆಳಗಿಟ್ಟು ಪಕ್ಕದಲ್ಲಿ ಬಂದು ಕೂತಳು. "ನಾನು ಕೂಗ್ದಾಗ ಬೇಕಂತ್ಲೇ ಓಗೊಡಾಕಿಲ್ಲ ಅಂದ್ಕಂಡಿದ್ದೆ. ಎಷ್ಟು ಬೈಕಂಡಿವ್ನಿ ನಿಮ್ಮ" ಅಂದಳು.

ಮರುದಿನ ಮೈಸೂರು ಬಸ್ಸಿನ ಕಂಡಕ್ಟರ್ ಹೊಸ ಬೇರಿಂಗು ತಂದುಕೊಟ್ಟ. ಬೆಳ್ಳಮ್ಮ ಕೊಯ್ಲು ಮುಗಿಸಿ ಹೋಗುವ ದಾರಿಯಲ್ಲಿ ಷೆಡ್ಡಿನ ಹತ್ತಿರ ನಿಂತಳು. ಪುಟ್ಟಮಲ್ಲಪ್ಪ ಹಬ್ಬಿನೊಳಗೆ ಉಳಿದಿದ್ದ ಹಳೇ ಬೇರಿಂಗಿನ ಹೊರ ಉಂಗುರವನ್ನು ಹಿತ್ತಾಳೆಯ ಸರಳಿನಿಂದ ಬಡಿದು ಹೊರತೆಗೆದು, ಹೊಸದನ್ನು ಸೊಟ್ಟಗಾಗದಂತೆ ಸುತ್ತಲೂ ತಟ್ಟಿ ಕೂರಿಸಿದ. ಅಂಗೈ ತುಂಬ ಗ್ರೀಸು ಹಾಕಿಕೊಂಡು ಬೇರಿಂಗನ್ನು ಅದಕ್ಕೆ ಒತ್ತಿ ಒತ್ತಿ, ಉರುಳೆಗಳ ಸಂದಿಯಲ್ಲೆಲ್ಲ ಗ್ರೀಸು ಹೊರಬರುವವರೆಗೆ ತುಂಬಿದ. ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿದು, ಆಮೇಲೆ ಒಂಚೂರು ಸಡಿಲಿಸಿದ. ಆಮೇಲೆ ಬೆಳ್ಳಮ್ಮನ ಕಡೆ ನೋಡಿ ಸ್ಕ್ರೂಡ್ರೈವರ್ ಚಾಚಿದ.

ಅವಳು ಕೇಳಿ, "ಈಗ ಕೊರಿಯಾಕಿಲ್ಲ. ಬರೀ ಗಾಳಿ ಆಡ್ದಂಗದೆ" ಅಂದಳು.

ಅವನು ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿಗೆ ಅಂಗೈ ಊರಿ ಚಕ್ರವನ್ನು ಮತ್ತೆ ತಿರುಗಿಸಿದ. ಪಟ್ಟಿ ನಡುಗಲಿಲ್ಲ. ಎದ್ದು ಬಲಗಡೆಯ ಚಕ್ರವನ್ನೂ ಎತ್ತಿ ಹಾಗೇ ನೋಡಿದ. ಅಂಗೈಯೊಳಗೆ ಇರುವೆ ಹರಿದಂತೆ ಸಣ್ಣ ಅದುರು. "ಇದ್ರಾಗೂ ಸದ್ದು ಸುರುವಾಗೈತಾ?" ಎಂದು ಕೇಳಿದ. ಬೆಳ್ಳಮ್ಮ ಕಿವಿಗಿಟ್ಟು ನೋಡಿ, ಬೆರಗಾಗಿ, "ಹೂಂ ಕಣಣ್ಣೋ, ಸಣ್ಣಗೆ! ನಿಂಗೆಂಗ್ ಗೊತ್ತಾಯ್ತು?" ಅಂದಳು. ಅವನು ತನ್ನ ಗ್ರೀಸು ಮೆತ್ತಿದ ಅಂಗೈಯನ್ನೇ ತಿರುಗಿಸಿ ನೋಡಿಕೊಂಡ.

ಸುಗ್ಗಿ ಮುಗಿದ ಮೇಲೆ ಸುಂದ್ರಮ್ಮನ ಜೊತೆ ಮೈಸೂರಿನ ದೊಡ್ಡಾಸ್ಪತ್ರೆಗೆ ಹೋದ. ಜಲ್ಲಿ ಮಿಷನ್ನಿನ ಸದ್ದಿಗೆ ಕಿವಿಯ ನರ ಸೋತಿದೆ, ಹೋದದ್ದು ವಾಪಸ್ಸು ಬರುವುದಿಲ್ಲ, ಇರುವುದೂ ಕಡಿಮೆಯಾಗಬಹುದು ಎಂದರು ಡಾಕ್ಟರು. ಬಸ್ಸಿನಲ್ಲಿ ಬರುವಾಗ ಸುಂದ್ರಮ್ಮ ಅತ್ತಳು, ಅವನು ಅಳಲಿಲ್ಲ. ಆದರೆ ಕೆಲವು ದಿನ ಷೆಡ್ಡಿನ ಬಾಗಿಲು ತೆರೆಯಲಿಲ್ಲ.

ತೆರೆದ ದಿನ ಹಾಡಿಗೆ ತಾನೇ ಹೋಗಿ ಬೆಳ್ಳಮ್ಮನನ್ನು ಕೆಲಸಕ್ಕೆ ಕರೆದ. ಅವಳಿಗೆ ನಂಬಿಕೆಯಾಗಲಿಲ್ಲ. "ಹೆಂಗ್ಸು ನಾನು, ಗಾಡಿ ಕೆಲ್ಸ ಮಾಡಿದ್ರೆ ಜನ ನಗಾಕಿಲ್ವಾ?" ಅಂದಳು. "ನಕ್ರೆ ನಂಗೆ ಕೇಳ್ಸಾಕಿಲ್ಲ ಬುಡು" ಅಂದ ಪುಟ್ಟಮಲ್ಲಪ್ಪ. ಬಂದ ಗಿರಾಕಿಗಳಿಗೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದ: ನನಗೆ ಕಿವಿ ಮಂದ, ಸದ್ದು ನೋಡುವವಳು ಬೆಳ್ಳಮ್ಮ. ಕೆಲವರು ಗಾಡಿ ತಿರುಗಿಸಿಕೊಂಡು ಹೋದರು. ಚಲುವಯ್ಯ ಷೆಡ್ಡು ಬಿಡಲಿಲ್ಲ, ಅವನ ಜೀಪಿನ ಬಲ ಚಕ್ರದ ಬೇರಿಂಗು ಬದಲಾಯಿಸಿದ್ದು ಇಬ್ಬರೂ ಸೇರಿಯೇ.

ಎಪ್ಪತ್ತೈದನೇ ಇಸವಿಯ ಹೊತ್ತಿಗೆ ಅವನಿಗೆ ಮಾತೂ ಸರಿಯಾಗಿ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಬೆಳ್ಳಮ್ಮ ಹಬ್ಬು ಬಿಚ್ಚುವುದನ್ನೂ ಗ್ರೀಸು ತುಂಬುವುದನ್ನೂ ಕಲಿತಿದ್ದಳು. ಮಧ್ಯಾಹ್ನ ಊಟ ತಂದ ಸುಂದ್ರಮ್ಮ ಅವನನ್ನು ಕೂಗುತ್ತಿರಲಿಲ್ಲ. ಅವನು ಕೈಯೂರಿ ನಿಂತ ಮರದ ಮೇಜನ್ನು ಬುತ್ತಿಯ ಡಬ್ಬಿಯ ತಳದಿಂದ ಮೆಲ್ಲಗೆ ತಟ್ಟುತ್ತಿದ್ದಳು. ಅವನು ತಿರುಗಿ ನೋಡಿ, ಕೈ ಒರೆಸಿಕೊಂಡು ಬರುತ್ತಿದ್ದ.